ಸವುಳು ಹೊಲದ ಚರಗ

ಮೋರಟಗಿ ದಾಟಿ, ಕಾಲುವೆಯ ಸೇತುವೆ ಹತ್ತಿರ ಬಸ್ಸಿನಿಂದ ಇಳಿದ ಕೂಡಲೇ ಸಮುದ್ರದ ವಾಸನೆ ಬಂತು. ನಾನು ನನ್ನ ಮೂಗನ್ನು ನಂಬಲಿಲ್ಲ. ಸಮುದ್ರ ಅಲ್ಲಿಂದ ಒಂದು ಇಡೀ ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಸುತ್ತಲೂ ಎರೆಹೊಲ, ಎದೆಮಟ್ಟ ನಿಂತ ಬಿಳಿಜೋಳ, ಒಣಗುತ್ತ ಬಂದ ತೊಗರಿ. ಅದರ ನಡುವೆ ಉಪ್ಪು, ಪಾಚಿ, ಹಸಿ ಕೆಸರು ಕೂಡಿದ ಆ ವಾಸನೆ. ನನ್ನ ಅಂಗಿಗೇ ಹತ್ತಿರಬೇಕು ಎಂದು ತೋಳು ಮೂಸಿ ನೋಡಿದೆ. ಅವ್ವ ಒಗೆದಿಟ್ಟ ಸೋಪಿನ ವಾಸನೆ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಆ ವಾಸನೆ ಅಲ್ಲಿ ಇರಕೂಡದು. ಹಲವು ವರ್ಷಗಳಿಂದ ನಾನು ಕರಾವಳಿಯಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ಪ್ರತಿ ವರ್ಷ ಒಂದು ದಿನ ಈ ಹೊಲದ ಕಥೆ ಹೇಳುತ್ತೇನೆ: ಸಿಂದಗಿ ತಾಲ್ಲೂಕಿನ ಒಂದು ಉಪ್ಪು ಹೊಲದಲ್ಲಿ ಸೀಗಡಿ ಸಾಕಿದ್ದೆವು, ಎಳ್ಳು ಅಮಾವಾಸ್ಯೆಗೆ ಹೊಲದ ಬೆಳೆಗೆ ಎರಚುವ ಎಡೆಯಾದ ಚರಗವನ್ನು ಜನ ಹೊಂಡಕ್ಕೆ ಚೆಲ್ಲಿದರು, ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲವೂ ಸತ್ತಿದ್ದವು. ಹುಡುಗರು ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ. ಹೇಳಿ ಹೇಳಿ ಅವರು ಎಲ್ಲಿ ನಗುತ್ತಾರೆ ಎನ್ನುವುದು ಕೂಡ ಆ ಬೆಳಗಿನ ನೆನಪಿನ ಭಾಗವೇ ಆಗಿಹೋಗಿದೆ. ಮಿಕ್ಕ ಎಲ್ಲವನ್ನೂ ಸಂಶಯದಿಂದ ನೋಡುವ ನಾನು ಈ ಕಥೆಯನ್ನು ಮಾತ್ರ ಕೆದಕಿ ನೋಡಿರಲಿಲ್ಲ. ರಜೆಗೆ ಊರಿಗೆ ಬಂದವನು ಸಿಂದಗಿ ಬಸ್ಸು ಹತ್ತಿದೆ. ಅವತ್ತು ಎಳ್ಳು ಅಮಾವಾಸ್ಯೆ. ಅಷ್ಟೇ.

ನಾನು ಬಸವನ ಬಾಗೇವಾಡಿಯವನು. ಸಮುದ್ರವನ್ನು ಮೊದಲು ಕಂಡದ್ದು ಅದನ್ನು ಓದಲು ಹೋದಾಗಲೇ. ಓದು ಮುಗಿಸಿ ಕರಾವಳಿಯ ಒಂದು ಸಂಶೋಧನಾ ಯೋಜನೆ ಸೇರಿದೆ. ಆ ಹೊತ್ತಿಗೆ ದಡದ ಸೀಗಡಿ ಹೊಂಡಗಳ ಸ್ಥಿತಿ ಕೆಟ್ಟಿತ್ತು. ಸಮುದ್ರದ ನೀರು ಮೊದಲಿಗಿಂತ ಬಿಸಿಯಾಗಿತ್ತು. ಮಳೆ ಬಂದರೆ ಒಮ್ಮೆಗೇ ಸುರಿದು ಹಿನ್ನೀರಿನ ಉಪ್ಪನ್ನೆಲ್ಲ ತೊಳೆದುಬಿಡುತ್ತಿತ್ತು. ಒಂದು ಹೊಂಡಕ್ಕೆ ರೋಗ ಬಂದರೆ ಅದೇ ಹಿನ್ನೀರಿನ ದಾರಿ ಹಿಡಿದು ಮುಂದಿನ ಹೊಂಡಕ್ಕೆ ಹೋಗುತ್ತಿತ್ತು. ನಮ್ಮ ಹಿರಿಯರ ಯೋಚನೆ ಸರಳವಾಗಿತ್ತು. ಕಾಲುವೆ ನೀರು ನಿಂತು ನಿಂತು ಉಪ್ಪಾದ ಹೊಲಗಳು ಒಳನಾಡಿನಲ್ಲಿ ಬೇಕಾದಷ್ಟಿವೆ; ಜೋಳ ಬಾರದ ಆ ನೆಲದಲ್ಲಿ ಸೀಗಡಿ ಯಾಕೆ ಬರಬಾರದು? ನಕಾಶೆಯಲ್ಲಿ ಅವರ ಬೆರಳು ಬಂದು ನಿಂತದ್ದು ಸಿಂದಗಿಯ ಮೇಲೆ. ಆ ಕಡೆಯ ಮಾತು ಬಲ್ಲವನೆಂದು ನನ್ನನ್ನು ಕಳಿಸಿದರು.

"ಸಮುದ್ರಾ ಕಲೀತೇನಂತ ಹ್ವಾದಿ," ಅಂದಳು ಅವ್ವ. "ಹೊಳ್ಳಿ ಬಗಲಾಗಿನ ಸಿಂದಗಿಗೇ ಬಂದಿ. ಇಷ್ಟ ಆಗಿದ್ರ ಅಷ್ಟ ದೂರ ಹೋಗೂದರ ಯಾಕ ಹೋಗಿದ್ದಿ?"

ಹೊಲ ನೀಲವ್ವನದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಕೊರಳಲ್ಲಿ ಲಿಂಗ, ಮನೆಯಲ್ಲಿ ತತ್ತಿ ಕೂಡ ನಿಷಿದ್ಧ. ಕಾಲುವೆ ಬಂದ ಹೊಸದರಲ್ಲಿ ಅವಳ ಹೊಲದಲ್ಲಿ ಕಬ್ಬು ಬಂದಿತ್ತಂತೆ. ಆಮೇಲೆ ನೀರು ಬಸಿದು ಹೋಗದೆ ನೆಲದಡಿಯ ಉಪ್ಪು ಮೇಲೇರಿತು. ನಾನು ಮೊದಲ ಸಲ ಹೋದಾಗ ಬೇಸಿಗೆ. ಹೊಲದ ತುಂಬ ಯಾರೋ ಸುಣ್ಣ ಎರಚಿ ಹೋದಂತೆ ಕಾಣುತ್ತಿತ್ತು. ಅದನ್ನು ಅಲ್ಲಿಯವರು ಸವುಳು ಅನ್ನುತ್ತಾರೆ.

ಪಕ್ಕದ ಹೊಲ ಅವಳ ಮೈದುನ ಶಿವಪ್ಪನದು. ಸೋಲಾರ್ ಕಂಪನಿಯವರು ಬಂದು ಎರಡೂ ಹೊಲ ಕೇಳಿದ್ದರು. ಶಿವಪ್ಪ ಒಪ್ಪಿಯಾಗಿತ್ತು. ನೀಲವ್ವ ಒಪ್ಪಿರಲಿಲ್ಲ. ಅವಳ ಕಾರಣ ಕೇಳಿ ನಾನು ದಂಗಾದೆ.

"ಬೆಳಿ ಇಲ್ಲದ ಹೊಲಕ್ಕ ಚರಗಾ ಚೆಲ್ಲಂಗಿಲ್ಲ," ಅಂದಳು. "ಸವುಳು ಆದಾಗಿಂದ ಎಳ್ಳಮಾಸಿಗಿ ನಾ ಮಂದಿ ಹೊಲಕ್ಕ ಹೋಗಿ ಉಣ್ಣಾಕತ್ತೇನಿ. ಇನ್ನ ಸೋಲಾರಿನ ಕಾಜಿನ ಹಲಗಿ ಹಾಕಿಸಿದ್ನೆಂದ್ರ ಮುಗೀತು. ಕಾಜಿನ ಮ್ಯಾಲ ಚರಗಾ ಹೆಂಗ ಚೆಲ್ಲಲಿ? ನೀ ಹೇಳು ತಮ್ಮಾ, ಈ ನಿಮ್ಮ ಹುಳಾ ಬೆಳಿ ಅನಿಸ್ಕೊಳ್ತೈತೇನು?"

ಬಾಗೇವಾಡಿಯವನು ಎಂದು ಗೊತ್ತಾದ ದಿನವೇ ಅವಳು ನನ್ನನ್ನು ಸಾಹೇಬ ಅನ್ನುವುದನ್ನು ಬಿಟ್ಟು ತಮ್ಮ ಅನ್ನತೊಡಗಿದ್ದಳು.

"ಬೆಳಸ್ತೇವಂದ್ರ ಬೆಳೀನ ರೀ," ಅಂದೆ.

"ಕೇಳಿದ್ಯಾ?" ಎಂದು ಮೈದುನನ ಕಡೆ ತಿರುಗಿದಳು. ಶಿವಪ್ಪ ಕಟ್ಟೆಯ ಮೇಲೆ ಕುಳಿತು ಎಲೆ ಹಾಕುತ್ತಿದ್ದ. "ಆತು ವೈನಿ, ಎಳ್ಳಮಾಸಿ ತನಕ. ಅಷ್ಟೊತ್ತಿಗಿ ಹೊಲ್ದಾಗ ಬೆಳಿ ತೋರಸ್ರಿ, ಇಲ್ಲಂದ್ರ ಸಹಿ ಮಾಡ್ರಿ. ಜ್ವಾಳಾ ಬರದ ಹೊಲ್ದಾಗ ಸಮುದ್ರಾ ಬರ್ತೈತಂತ!" ಅಂದ.

ಹೊಲದ ತಗ್ಗಿನ ಭಾಗದಲ್ಲಿ ಹೊಂಡ ತೋಡಿಸಿದೆವು. ತೋಡಿದ ಮಣ್ಣನ್ನು ಉಳಿದ ಹೊಲದ ಮೇಲೆ ಎತ್ತರಕ್ಕೆ ಹಾಸಿದೆವು, ಮಳೆ ಬಂದಾಗ ಅದರ ಉಪ್ಪು ತೊಳೆದು ಹೊಂಡಕ್ಕೇ ಇಳಿಯಲಿ ಎಂದು. ಹೊಂಡಕ್ಕೆ ಜಿನುಗಿದ ನೀರನ್ನು ನಾಲಗೆಗೆ ಹಚ್ಚಿ ನೋಡಿದೆ. ಕಡಲಿನಷ್ಟು ಅಲ್ಲ, ಆದರೆ ಉಪ್ಪು ಹೌದು. ಆ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಮರಿಗಳನ್ನು ಬಿಟ್ಟು ನೋಡಿದಾಗ ಅವು ಮಗ್ಗುಲಾಗಿ ಬಿದ್ದುಬಿಟ್ಟವು. ಸಮುದ್ರದ ನೀರಿನಲ್ಲಿರುವ ಪೊಟ್ಯಾಷ್ ನಮ್ಮ ಎರೆಮಣ್ಣಿನ ಉಪ್ಪುನೀರಿನಲ್ಲಿ ಇರಲಿಲ್ಲ. ಅದಕ್ಕೆ ಗೊಬ್ಬರದ ಅಂಗಡಿಯ ಪೊಟ್ಯಾಷ್ ತಂದು ಹೊಂಡಕ್ಕೆ ಸುರಿದೆವು. ಆಚೆ ಮಗ್ಗುಲಿನ ಹೊಲದ ಮೌಲಾಲಿ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಅವನದು ದಾಳಿಂಬೆ ತೋಟ.

"ಸರ್ರ, ನಾ ಗಿಡಕ್ಕ ಹಾಕೂದನ್ನ ನೀವು ಹುಳಕ್ಕ ಹಾಕ್ತೀರಿ. ನಾಳಿ ಯೂರಿಯಾನೂ ಕೇಳ್ತಾವೇನು?"

"ಅವು ಕೇಳಂಗಿಲ್ಲೋ ಮೌಲಾ," ಅಂದಳು ನೀಲವ್ವ. "ನಿನ್ನಂಗ ಬಾಯಿಲ್ಲ ಅವಕ್ಕ."

ಮರಿಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಬಂದವು, ಅರ್ಧ ನೀರು, ಅರ್ಧ ಆಮ್ಲಜನಕ. ರೋಗವಿಲ್ಲದ ತಾಯಿ ಸೀಗಡಿಗಳನ್ನು ತಲೆಮಾರುಗಟ್ಟಲೆ ಆರಿಸಿ ತೆಗೆದ ತಳಿ ಅದು. ಕಳಿಸುವ ಮುಂಚೆ ಮರಿಗಳ ವಂಶವಾಹಿಯನ್ನೂ ಪರೀಕ್ಷಿಸಿದ್ದರು. ಇಷ್ಟೆಲ್ಲ ನಾನು ವಿವರಿಸುತ್ತಿದ್ದರೆ ನೀಲವ್ವ ಚೀಲವನ್ನು ಬಿಸಿಲಿಗೆ ಹಿಡಿದು ನೋಡಿದಳು. "ಬರೇ ನೀರೈತಲ್ಲೋ ತಮ್ಮಾ." ಮತ್ತೊಮ್ಮೆ ನೋಡಿ ಚೀಲವನ್ನು ಕೈಬಿಡುವುದರಲ್ಲಿದ್ದಳು. "ಅಯ್ಯ ಶಿವನ! ಕಣ್ಣಷ್ಟ ಕಾಣ್ತಾವು!"

ಆ ಮಳೆಗಾಲ, ಆ ಹಿಂಗಾರು ಅವಳು ಹೊಂಡದ ದಂಡೆಯಲ್ಲೇ ಇದ್ದಳು ಅನ್ನಬೇಕು. ಮೇವು ಹಾಕುವ ತಟ್ಟೆಯನ್ನು ಹಗ್ಗ ಹಿಡಿದು ಮೇಲೆತ್ತಿದರೆ ಸೀಗಡಿಗಳು ಚಿಟಚಿಟ ಜಿಗಿಯುತ್ತಿದ್ದವು. ಅವಳು ಒಂದನ್ನೂ ಕೈಯಿಂದ ಮುಟ್ಟುತ್ತಿರಲಿಲ್ಲ, ಅಡುಗೆ ಮನೆಯ ಹಳೆಯ ಚಿಮಟ ತಂದಿಟ್ಟಿದ್ದಳು. ಮೌಲಾಲಿ ಅದನ್ನು ನೋಡಿ, "ಅಕ್ಕಾ, ನೀ ಬೆಳಸು, ನಾ ತಿಂತೇನಿ. ಕೆಲಸಾ ಹಿಂಗ ಹಂಚ್ಕೊಂಡ್ರ ಜಗಳನ ಇಲ್ಲ," ಅನ್ನುತ್ತಿದ್ದ. ನೀರಿಗೆ ಗಾಳಿ ಬೆರೆಸಲು ಎರಡು ಚಕ್ರ ಇಟ್ಟಿದ್ದೆವು, ಕರೆಂಟ್ ಇದ್ದಾಗ ಅವು ನೀರು ಚಿಮ್ಮುತ್ತ ತಿರುಗುತ್ತಿದ್ದವು. ನನ್ನ ಹತ್ತಿರ ನೀರಿನಲ್ಲಿ ಎಷ್ಟು ಉಸಿರು, ಅಂದರೆ ಆಮ್ಲಜನಕ, ಇದೆ ಎಂದು ತೋರಿಸುವ ಮಾಪಕವಿತ್ತು. ನಾಲ್ಕರ ಮೇಲಿದ್ದರೆ ಚಿಂತೆಯಿಲ್ಲ, ಕೆಳಗೆ ಬಂದರೆ ಓಡಬೇಕು ಎಂದು ನೀಲವ್ವನಿಗೆ ಹೇಳಿಕೊಟ್ಟಿದ್ದೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳೇ ಕೇಳುತ್ತಿದ್ದಳು: "ಇವತ್ತ ಎಷ್ಟೈತಿ ಉಸರು?"

ಚಳಿ ಬಿತ್ತು. ಸೀಗಡಿ ಬೆರಳುದ್ದ ಬೆಳೆದಿದ್ದವು, ಹಿಡಿಯುವವರ ಲಾರಿ ಬರಲು ತಯಾರಿತ್ತು. ಚಳಿ ಹೆಚ್ಚಾದರೆ ಅವು ಮೇವು ಬಿಡುತ್ತವೆ, ಈಗಲೇ ಹಿಡಿಸೋಣ ಅಂದೆ. ನೀಲವ್ವ ಒಪ್ಪಲಿಲ್ಲ.

"ಚರಗಾ ಚೆಲ್ಲದ ಬೆಳಿ ತಗೀಬಾರ್ದು. ಬಸರಿ ಹೆಂಗಸಿಗಿ ಉಡಿ ತುಂಬದ ಕಳಸ್ತಾರೇನು? ಎಳ್ಳಮಾಸಿ ಆಗಲಿ."

ವಾದ ಮಾಡಿದೆ. ಅವಳು ಅಷ್ಟು ತಿಂಗಳು ಕಾದದ್ದೇ ಆ ಒಂದು ದಿನಕ್ಕೆ ಎಂದು ಗೊತ್ತಿದ್ದರಿಂದ ನನ್ನ ವಾದ ಗಟ್ಟಿಯಾಗಿ ಹೊರಡಲಿಲ್ಲ. ಕೊನೆಗೆ ಒಂದು ಮಾತು ತಗೊಂಡೆ: ನೀರಿಗೆ ಒಂದೇ ಒಂದು ಹಿಡಿ, ಉಳಿದದ್ದೆಲ್ಲ ದಂಡೆಯ ಮೇಲೆ. "ಒಂದ ಹಿಡಿ," ಎಂದು ಅವಳೂ ಒಪ್ಪಿದಳು. ಕೊಟ್ಟ ಮಾತಿನಂತೆ ಅವಳು ಚೆಲ್ಲಿದ್ದೂ ಒಂದೇ ಹಿಡಿ.

ಆದರೆ ಬಂದವರೆಷ್ಟು! ಸವುಳು ಹೊಲದಲ್ಲಿ ಸಮುದ್ರದ ಬೆಳೆ ಬಂದಿದೆ ಎಂಬ ಸುದ್ದಿ ಇಂಡಿ ತಾಲ್ಲೂಕಿನ ತನಕ ಹೋಗಿತ್ತು. ಹೊರ್ತಿಯಿಂದ, ಅಗರಖೇಡದಿಂದ ಅವಳ ಬೀಗರು, ಅವರ ಬೀಗರು ಟೆಂಪೊ ಮಾಡಿಕೊಂಡು ಬಂದರು. ಎಲ್ಲರ ಕೈಯಲ್ಲೂ ಬುತ್ತಿ: ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಮೊಸರನ್ನ. ಮೌಲಾಲಿಯ ಮನೆಯವರೂ ಎಂದಿನಂತೆ ತಮ್ಮ ಗಂಟು ತಂದರು. ಐದು ಕಲ್ಲಿಟ್ಟು, ಸುಣ್ಣ ಹಚ್ಚಿ ಪೂಜೆಯಾಯಿತು. ನೀಲವ್ವ ಮೊದಲ ಹಿಡಿ ನೀರಿಗೆ ತೂರಿ "ಹುಲ್ಲುಲ್ಲಿಗೋ" ಎಂದು ಕೂಗಿದಳು, ಎಷ್ಟೋ ವರ್ಷ ಒಳಗೇ ಇಟ್ಟುಕೊಂಡಿದ್ದ ಚರಗದ ಕೂಗು. ಹೊಂಡದ ನಾಲ್ಕೂ ದಂಡೆಯಿಂದ ಕೂಗು ಎದ್ದಿತು. ಅದರ ಹಿಂದೆ ಕೈಗಳೆದ್ದವು.

ನಾನು "ಸಾಕ್ರಿ, ಸಾಕು" ಎಂದು ದಂಡೆಯುದ್ದ ಓಡಿದೆ. ಓಡಿದೆ ಅಂತ ನೆನಪು. ಸಿಕ್ಕವರೆಲ್ಲ ಕೊಟ್ಟ ಉತ್ತರ ಮಾತ್ರ ಈಗಲೂ ಕಿವಿಯಲ್ಲಿದೆ: "ಒಂದ ಹಿಡಿ ಸರ್ರ, ಹೆಚ್ಚಿಲ್ಲ." ಅವರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರದೂ ಒಂದೇ ಹಿಡಿ.

ಮರುದಿನ ಬೆಳಗಿನ ಮಂಜಿನಲ್ಲಿ ಹೋದಾಗ ಚಕ್ರ ನಿಂತಿದ್ದವು, ಕರೆಂಟ್ ಹೋಗಿತ್ತು. ಸತ್ತ ನೀರಿನ ವಾಸನೆ ಬದುವಿನಿಂದಲೇ ಹೊಡೆಯುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಹೊಂಡದ ಅಂಚಿನ ಸುತ್ತ ಸೀಗಡಿಗಳು ಒಂದರ ಮೇಲೊಂದು ಏರಿ ಬಂದು, ಮೀಸೆಗಳನ್ನು ನೀರಿನಾಚೆ ಚಾಚಿ ನಿಂತಿದ್ದವು. ನಡುವೆ ಬೆಳ್ಳಗೆ ತೇಲುತ್ತಿದ್ದವು. ಮಾಪಕ ಇಳಿಬಿಟ್ಟರೆ ಅಂಕಿ ಒಂದಕ್ಕೂ ಏರಲಿಲ್ಲ. ಇನ್ನೊಂದು ಮೂಲೆಗೆ ಹೋಗಿ ಇಳಿಬಿಟ್ಟೆ, ಅಲ್ಲೂ ಅಷ್ಟೇ.

ನೀಲವ್ವ ಹಿಂದೆ ಬಂದು ನಿಂತಳು. "ಯಾಕ ತಮ್ಮಾ, ಎಲ್ಲಾ ಮ್ಯಾಲ ಬಂದಾವು? ಬಿಸಲ ಕಾಯಾಕೇನು?"

"ಉಸರಿಲ್ರಿ ನೀರಾಗ," ಅಂದೆ.

ಮೌಲಾಲಿಯ ದಾಳಿಂಬೆ ತೋಟಕ್ಕೆ ಔಷಧ ಹೊಡೆಯುವ ಬ್ಲೋವರ್ ನೆನಪಾದದ್ದು ನನಗೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಬಿರುಗಾಳಿಯಂತೆ ಬೀಸಿ ನೀರನ್ನು ಮಂಜಾಗಿಸುವ ಯಂತ್ರ. ಹೊಂಡದ ನೀರನ್ನೇ ಹೀರಿ ಗಾಳಿಯ ಜೊತೆ ಹೊಂಡಕ್ಕೇ ಹೊಡೆದರೆ ಉಸಿರು ಬೆರೆಯುತ್ತದೆ. ಅವನು ಟ್ರ್ಯಾಕ್ಟರ್ ತಂದೂ ಬಿಟ್ಟ. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಸರ್ರ, ಎಣ್ಣಿ ಹೊಡದ ಟ್ಯಾಂಕ್ ಐತಿ!"

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಅದರ ಒಂದು ತೊಟ್ಟು ಉಳಿದಿದ್ದರೂ ಹೊಂಡದಲ್ಲಿ ಒಂದೂ ಬದುಕುತ್ತಿರಲಿಲ್ಲ. ಕಾಲುವೆಯ ನೀರು ಹೊತ್ತು ತಂದು ತೊಳೆದೆವು, ಮತ್ತೆ ತೊಳೆದೆವು. ಮೌಲಾಲಿ ಟ್ಯಾಂಕಿನೊಳಗೆ ತಲೆ ಹಾಕಿ ಮೂಸುತ್ತಿದ್ದ, ಬೈಯುತ್ತಿದ್ದ, ಮತ್ತೆ ಉಜ್ಜುತ್ತಿದ್ದ. ಅತ್ತ ತೊಳೆಯುತ್ತಿದ್ದಂತೆ ಇತ್ತ ಸಾಯುತ್ತಿದ್ದವು. ಯಂತ್ರ ಶುರುವಾಗುವ ಹೊತ್ತಿಗೆ ಹಿರಿಯ ಅಧಿಕಾರಿಯ ಫೋನ್ ಬಂತು.

"ಕಾರಣ ಏನು? ಒಂದು ಕಾರಣ ಹೇಳಿ."

ಚೆಲ್ಲಿದ ಅನ್ನ ಕೊಳೆತು ಉಸಿರು ತಿಂದಿದೆ ಅಂದೆ. ಕರೆಂಟ್ ಇರಲಿಲ್ಲ ಅಂದೆ. ಚಳಿ ಅಂದೆ. ಅಮಾವಾಸ್ಯೆಯ ಸುಮಾರಿಗೆ ಸೀಗಡಿಗಳು ಒಟ್ಟಿಗೇ ಪೊರೆ ಬಿಡುತ್ತವೆ, ಆಗ ಅವುಗಳಿಗೆ ಹೆಚ್ಚು ಉಸಿರು ಬೇಕು ಅಂದೆ. ನಾಲ್ಕು ಕಾರಣ ಅವರಿಗೆ ಬೇಡವಾಗಿತ್ತು. ಸತ್ತವುಗಳ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಇವತ್ತೇ ಹೊರಡಿ ಅಂದರು. ಜೀಪು ಬಂತು. ಹತ್ತುವಾಗ ತಿರುಗಿ ನೋಡಿದೆ: ಹೊಂಡ ದಂಡೆಯಿಂದ ದಂಡೆಗೆ ಬೆಳ್ಳಗಿತ್ತು. ಒಂದು ಮಗ್ಗುಲಲ್ಲಿ ನೀಲವ್ವ, ಇನ್ನೊಂದು ಮಗ್ಗುಲಲ್ಲಿ ಶಿವಪ್ಪ. ಯೋಜನೆ ಮುಚ್ಚಿತು. ವರದಿ ಬಂತು: ಚರಗದ ಮೂಢನಂಬಿಕೆಯಿಂದ ಪೂರ್ಣ ನಷ್ಟ.

ಇದು ನಾನು ಇಷ್ಟು ವರ್ಷ ಹೊತ್ತು ತಿರುಗಿದ ಕಥೆ. ಅದನ್ನು ಹೊತ್ತುಕೊಂಡೇ ಆ ಬದುವಿನ ಮೇಲೆ ನಡೆದೆ. ಸೋಲಾರ್ ಹಲಗೆಗಳು ಕಂಡವು, ಸಾಲು ಸಾಲು. ನೀಲವ್ವ ಸಹಿ ಮಾಡಿಯೇಬಿಟ್ಟಿದ್ದಾಳೆ ಅಂದುಕೊಂಡೆ. ಆದರೆ ಹಲಗೆಗಳ ಸಾಲು ಶಿವಪ್ಪನ ಹೊಲದ ಗಡಿಗೆ ಬಂದು ನಿಂತಿತ್ತು. ಆಚೆ ಜೋಳ. ನಾವು ಎತ್ತರಿಸಿದ ಸವುಳು ಮಣ್ಣಿನಲ್ಲಿ, ತೆಳ್ಳಗಾದರೂ ಜೋಳ! ಅದರ ಕೆಳಗೆ ಹೊಂಡ. ಚಕ್ರಗಳು ತಿರುಗುತ್ತಿದ್ದವು. ನೀರಿನಲ್ಲಿ ಏನೋ ಚಿಮ್ಮಿ ಬಿತ್ತು. ನಾನು ಬದುವಿನ ಮೇಲೆ ಕೂತುಬಿಟ್ಟೆ.

"ಯಾರವಾ?" ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ಬಂದ ನೀಲವ್ವನ ಕೂದಲು ಪೂರ್ತಿ ನೆರೆತಿತ್ತು. "ಅಯ್ಯ, ಸಮುದ್ರದ ತಮ್ಮಾ! ಉಣ್ಣೂ ಹೊತ್ತಿಗಿ ಬರೋಬ್ಬರಿ ಬಂದಿ ನೋಡು."

"ಎಲ್ಲಾ ಸತ್ತಿದ್ವಲ್ರಿ," ಅಂದೆ. ನಮಸ್ಕಾರ ಕೂಡ ಮರೆತಿತ್ತು.

"ಯಾರ ಹೇಳಿದ್ರು ನಿನಗ? ಅರ್ಧಾ."

"ನಾ ಕಣ್ಣಾರೆ ನೋಡೇನ್ರಿ, ದಂಡಿಯಿಂದ ದಂಡಿಗಿ ಬೆಳ್ಳಗ..."

"ಏನ್ ನೋಡಿದ್ರಿ ಸರ್ರ," ಎಂದು ಹಿಂದಿನಿಂದ ಮೌಲಾಲಿ ನಕ್ಕ. "ಪೊರಿ ಎಷ್ಟ, ಕಡಬ ಎಷ್ಟ, ಹೆಣಾ ಎಷ್ಟ ಅಂತ ಬ್ಯಾರೆ ಮಾಡೂದರಾಗ ಹೊತ್ತ ಮುಳುಗಿತ್ತು. ಬಿಸಲ ಬಿದ್ದ ಮ್ಯಾಲ ನಾಕಕ್ಕ ಬಂತು ಉಸರು. ಆದರ ನೀವು ಅಷ್ಟೊತ್ತಿಗಿ ಜೀಪಿನಾಗ."

"ಬ್ಲೋವರ್ ತರಸ್ರಿ ಅಂತ ಹೇಳಿದ್ದು ನಾನಲ್ಲೇನು? ಅದರ ಖರೆ ಐತೋ ಇಲ್ಲೋ?" ಅಂದೆ.

ಮೌಲಾಲಿ ನೀಲವ್ವನ ಮುಖ ನೋಡಿದ. ನೀಲವ್ವ ಅವನ ಮುಖ ನೋಡಿದಳು. "ನೀ ಅಂದ್ಯೋ ನಾ ಅಂದ್ನೋ ಯಾರಿಗಿ ಗೊತ್ತು ತಮ್ಮಾ. ಇವ ತಾನ ಅಂದೆ ಅಂತ ಊರ ತುಂಬ ಹೇಳ್ಕೋತ ತಿರುಗ್ತಾನ."

ಹೊಂಡದ ದಂಡೆಯಲ್ಲಿದ್ದ ಜೋಪಡಿಯ ನೆರಳಲ್ಲಿ ಶಿವಪ್ಪ ಕಡಬು ತಿನ್ನುತ್ತ ಕುಳಿತಿದ್ದ. ಆ ದಿನ ಸಹಿಗೆ ಬಂದಿದ್ದವನು ಅವನೇ. "ಸತ್ತೂವು ಬುಟ್ಟಿ ತುಂಬಿಟ್ಟಿದ್ರು," ಎಂದು ತಾನೇ ಹೇಳತೊಡಗಿದ. "ಮುಗೀತಲ್ಲ ವೈನಿ ಅಂದೆ. ವೈನಿ ನೀರಾಗಿಂದೊಂದು ಬರೇ ಕೈಲೆ ಹಿಡಕೊಂಡ ಬಂದು ನನ್ನ ಮಾರಿ ಮುಂದ ಹಿಡದ್ರು. ಜಿಗಿದು ನನ್ನ ಅಂಗೀ ಮ್ಯಾಲ ಬಿತ್ತು. ಏನ್ ಮುಗೀತೋ ಶಿವಪ್ಪಾ, ಅರ್ಧಾ ಬೆಳಿ ಉಳದೈತಿ. ಅರ್ಧಾ ಬೆಳಿ ಬಂದ ವರ್ಷ ನಿಮ್ಮಪ್ಪ ಹೊಲಾ ಬಿಟ್ಟಿದ್ನೇನು ಅಂದ್ರು. ನಾ ಏನನ್ಲಿ? ನಮ್ಮಪ್ಪ ಪೂರಾ ಬೆಳಿ ಕಂಡದ್ದ ನಾ ನೋಡಿಲ್ಲ."

ಅರ್ಧ ಉಳಿದರೆ ನಮ್ಮ ಯೋಜನೆಯ ಭಾಷೆಯಲ್ಲಿ ಅದು ಸೋಲು. ಮಳೆಯನ್ನು ನಂಬಿದವರ ಲೆಕ್ಕದಲ್ಲಿ ಅದು ಒಂದು ಬೆಳೆ. ಆದರೆ ನನ್ನ ತಲೆ ತಿರುಗಿಸಿದ್ದು ಅದಲ್ಲ. ದಂಡೆಯಿಂದ ದಂಡೆಗೆ ಬೆಳ್ಳಗಿದ್ದ ಆ ಹೊಂಡವನ್ನು ನಾನು ನೋಡಿದ್ದೆನೋ, ವರದಿಯಲ್ಲಿ ಪೂರ್ಣ ನಷ್ಟ ಎಂದು ಓದಿ ಆಮೇಲೆ ಕಂಡೆನೋ? ಈಗ ಕಣ್ಣು ಮುಚ್ಚಿದರೂ ಆ ಬಿಳುಪು ಬರುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ಮಾತ್ರ ಹೇಳಲಾರೆ.

ಪೂಜೆಗೆ ಕರೆದರು. ಐದು ಕಲ್ಲುಗಳಿಗೆ ಸುಣ್ಣ, ಕುಂಕುಮ. ಅವುಗಳ ಪಕ್ಕದಲ್ಲಿ ಆರನೆಯದು ಒಂದಿತ್ತು. ಅದಕ್ಕೂ ಕುಂಕುಮ, ಅದಕ್ಕೂ ಹೂ. ಬಾಗಿ ನೋಡಿದೆ. ಅದು ನನ್ನ ಮಾಪಕ. ಒಡೆದ ಮೂಲೆಗೆ ನಾನೇ ಸುತ್ತಿದ್ದ ಬಿಳಿ ಪಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕರಾವಳಿಗೆ ಒಯ್ದು ಕಚೇರಿಯ ಮೇಜಿನ ಮೇಲಿಟ್ಟದ್ದು, ಆ ಮೇಜಿನ ಹಸಿರು ಬಟ್ಟೆ, ಎಲ್ಲ ನನಗೆ ನೆನಪಿದೆ.

"ಇದು... ಇಲ್ಲಿ ಹೆಂಗ?"

"ಜೀಪ ಹತ್ತೂಮುಂದ ನೀನ ನನ್ನ ಕೈಯಾಗ ಇಟ್ಟಿ. ನಾಕರ ಮ್ಯಾಲ ಬಂದ್ರ ಉಳೀತಾವು ನೀಲವ್ವಾ ಅಂದಿ. ಕಣ್ಣಾಗ ನೀರಿದ್ವು ನಿನ್ನ. ಅದೂ ನೆನಪಿಲ್ಲೇನು?"

ಇರಲಿಲ್ಲ.

"ಈಗ ಓಡ್ತೈತೇನ್ರಿ?"

"ಎಲ್ಲಿ ಓಡ್ತೈತಿ, ಯಾವಾಗೋ ಸತ್ತೈತಿ. ಹೊಸಾದು ಜ್ವಾಪಡ್ಯಾಗ ಐತಿ, ಮುಂಜಾನಿ ನೋಡೇನಿ, ಆರು ತೋರಿಸ್ತು. ಇದು ಅವತ್ತ ಖರೆ ಹೇಳಿತ್ತಲ್ಲ, ಅದಕ್ಕ ಇಟ್ಟೇನಿ." ಜೋಪಡಿಯ ಮೇಲೆ ಚಕ್ರಗಳಿಗೆಂದು ಕೂರಿಸಿದ ನಾಲ್ಕು ಸೋಲಾರ್ ಹಲಗೆಗಳನ್ನು ತೋರಿಸಿ ಸೇರಿಸಿದಳು, "ಮೈದುನನ ಮಾತೂ ಪೂರಾ ಬಿಟ್ಟಿಲ್ಲ. ಹೊಲಾ ಮುಚ್ಚೂ ಬದ್ಲಿ ಜ್ವಾಪಡಿ ಮುಚ್ಚೇನಿ."

ಜನ ಈ ವರ್ಷವೂ ಬಂದಿದ್ದರು. ಯಾರೂ ಹೊಂಡದ ಕಡೆ ಕೈ ಎತ್ತಲಿಲ್ಲ. ದಂಡೆಯಲ್ಲಿ ಒಂದು ಬುಟ್ಟಿ ಇತ್ತು. ನೀರಿನ ಹೆಸರಿನಲ್ಲಿ ಎಲ್ಲರೂ ತಮ್ಮ ತಮ್ಮ ಹಿಡಿಯನ್ನು ಅದಕ್ಕೆ ಹಾಕಿ ಕಲಸುತ್ತಿದ್ದರು. ಅದರಿಂದ ಒಂದು ಹಿಡಿ ನೀರಿಗೆ, ಮಿಕ್ಕದ್ದು ಮೇಲಿನ ಜೋಳಕ್ಕೆ. ಈ ಪದ್ಧತಿ ಯಾವಾಗಿನಿಂದ ಎಂದು ಅಗರಖೇಡದ ಒಬ್ಬ ಮುದುಕನನ್ನು ಕೇಳಿದೆ. "ಮೊದಲಿಂದೂ ಹಿಂಗ ಐತ್ರಿ," ಅಂದ, ಬಹಳ ನಂಬಿಕೆಯಿಂದ.

ನೀಲವ್ವ ಬುಟ್ಟಿಯಿಂದ ಒಂದು ಹಿಡಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ನೀರಿನ ಪಾಲು ಈ ವರ್ಷ ನೀ ಚೆಲ್ಲು."

ಕೈ ಮುಂದೆ ಹೋಗಲಿಲ್ಲ. ಕಡಬು, ಹೋಳಿಗೆ, ಮೊಸರನ್ನ ಕಲೆತ ಮುದ್ದೆ ಅಂಗೈಯಲ್ಲಿ ಬೆಚ್ಚಗಿತ್ತು. "ಆರು ಐತಂದೆನಲ್ಲ, ಚೆಲ್ಲು," ಅಂದಳು. ಚೆಲ್ಲಿದೆ. ಎಲ್ಲರೂ ಕೂಗಿದರು. ಅನ್ನ ನೀರಿಗೆ ಬಿದ್ದು ಹರಡಿತು, ಚಕ್ರದ ಅಲೆ ಬಂದು ಅದನ್ನು ಅತ್ತಿತ್ತ ಮಾಡಿತು, ಕೆಳಗಿನಿಂದ ಎರಡು ಮೀಸೆಗಳು ಮೇಲೆದ್ದು ಮುಟ್ಟಿ ಮತ್ತೆ ಇಳಿದವು. ನನ್ನ ಹಿಂದೆ ಹೊರ್ತಿಯ ಯಾರೋ ತಾವೂ ಒಂದು ಹಿಡಿ ಅಂದರು.

ನೀಲವ್ವ ತಿರುಗಿದಳು.

"ಒಂದ ಹಿಡಿ ಅಂದ್ರ ಎಲ್ಲಾರದೂ ಕೂಡಿ ಒಂದ ಹಿಡಿ," ಅಂದಳು. "ಅದು ಬಿತ್ತು. ಇನ್ನ ಕೂಡ್ರಿ, ಉಣ್ರಿ."